ಮದ್ಯಾವಲಂಬನೆಯ ಅನುವಂಶೀಯತೆ: ಬೆಂಗಳೂರು–ರಾಮನಗರ ಸೀಮೆಯ ಹಿನ್ನೆಲೆಯಲ್ಲಿ

ಕುಡಿತದ ಚಟಕ್ಕೆ ಸಿಲುಕುವ ಸಾಧ್ಯತೆ ತಲೆಮಾರಿನಿಂದ ತಲೆಮಾರಿಗೆ ಎಷ್ಟರಮಟ್ಟಿಗೆ ಇಳಿದುಬರುತ್ತದೆ, ಯಾವ ವಂಶವಾಹಿಗಳ ಮೂಲಕ ಬರುತ್ತದೆ ಎಂಬುದನ್ನು ಅರಿಯುವ ಶಾಸ್ತ್ರ ಮದ್ಯಾವಲಂಬನೆಯ ತಳಿವಿಜ್ಞಾನ. ಭಾರತದಲ್ಲಿ ಈ ಅಧ್ಯಯನದ ಮುಖ್ಯ ನೆಲೆಗಳಲ್ಲೊಂದು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಅದಕ್ಕೆ ತೀರ ಸಮೀಪದ ಗ್ರಾಮೀಣ ಸೀಮೆ. ಇಲ್ಲಿನ ಪ್ರತಿ ಊರಲ್ಲೂ ಕೇಳಿಬರುವ ‘ಅದು ಅವರ ರಕ್ತದಲ್ಲೇ ಬಂದಿದೆ’ ಎಂಬ ಮಾತಿನಲ್ಲಿ ನಿಜವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ಕಳೆದ ಐವತ್ತು ವರ್ಷಗಳ ಸಂಶೋಧನೆ ಬಹುಮಟ್ಟಿಗೆ ಬಿಡಿಸಿ ತೋರಿಸಿದೆ.

ಪ್ರದೇಶದ ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದದ್ದು ಈಚಲು ಮರದ ಹೆಂಡ ಮತ್ತು ಸಾರಾಯಿ. ಹೆಂಡದಲ್ಲಿ ಮದ್ಯಸಾರದ ಅಂಶ ಕಡಿಮೆ. ಬಟ್ಟಿ ಇಳಿಸಿದ ಸಾರಾಯಿಯಲ್ಲಿ ಅದರ ಹಲವು ಪಟ್ಟು. ಕರಾವಳಿಯ ಹೊರಗೆ ಹೆಂಡ ಇಳಿಸುವುದನ್ನು ಸರ್ಕಾರ 2004ರಲ್ಲಿ ನಿಲ್ಲಿಸಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಆಗಸ್ಟ್ 23ರಂದು ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು.

ಕಳ್ಳಭಟ್ಟಿಯ ದುರಂತಗಳೂ ಈ ಚರಿತ್ರೆಯ ಭಾಗ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇಂಥ ಮದ್ಯದಲ್ಲಿರುವ ಮೆಥನಾಲನ್ನು ಒಡೆಯುವುದು ಸಾಮಾನ್ಯ ಮದ್ಯಸಾರವನ್ನು ಒಡೆಯುವ ಕಿಣ್ವವೇ. ಆದರೆ ಅದರಿಂದ ಹುಟ್ಟುವ ಫಾರ್ಮಿಕ್ ಆಮ್ಲ ಕಣ್ಣು ಕುರುಡಾಗಿಸುತ್ತದೆ, ಜೀವ ತೆಗೆಯುತ್ತದೆ.

ದತ್ತು ಮಕ್ಕಳ ಅಧ್ಯಯನ

ಕುಡಿಯುವ ತಂದೆಯ ಮಗ ಕುಡಿಯುವುದು ರಕ್ತದಿಂದಲೋ ನೋಡಿ ಕಲಿತದ್ದರಿಂದಲೋ? ಈ ಪ್ರಶ್ನೆಯನ್ನು ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು 1973ರಲ್ಲಿ ಡೆನ್ಮಾರ್ಕಿನ ದತ್ತುಪುತ್ರರ ಮೂಲಕ ಪರೀಕ್ಷಿಸಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಹೆತ್ತವರಿಂದ ಬೇರ್ಪಟ್ಟು ಬೇರೆ ಮನೆಯಲ್ಲಿ ಬೆಳೆದಿದ್ದರೂ, ಹೆತ್ತವರಲ್ಲಿ ಮದ್ಯವ್ಯಸನವಿದ್ದ 55 ಗಂಡಸರಲ್ಲಿ ಶೇ 18ರಷ್ಟು ಮಂದಿ ಅದಕ್ಕೆ ಒಳಗಾಗಿದ್ದರು. ಹೋಲಿಕೆಗೆ ತೆಗೆದುಕೊಂಡ 78 ಜನರಲ್ಲಿ ಈ ಪ್ರಮಾಣ ಶೇ 5. ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬೇಕು: ಅಪಾಯದ ಮನೆತನದಲ್ಲಿ ಹುಟ್ಟಿದವರಲ್ಲೂ ಹತ್ತರಲ್ಲಿ ಎಂಟು ಮಂದಿ ವ್ಯಸನಿಗಳಾಗಲಿಲ್ಲ.

ಅವಳಿ ಮತ್ತು ದತ್ತು ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2015ರ ವಿಶ್ಲೇಷಣೆ ಅನುವಂಶೀಯತೆಯ ಪಾಲು ಸುಮಾರು ಅರ್ಧ ಎಂದಿತು. ಒಂದು ಜನಸಮುದಾಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಇಷ್ಟು ಎಂಬುದಷ್ಟೇ ಇದರ ಅರ್ಥ. ಯಾವೊಬ್ಬ ಹುಡುಗನ ಭವಿಷ್ಯವನ್ನೂ ಈ ಅಂಕಿ ಹೇಳದು. ರಾಮನಗರದ ರೇಷ್ಮೆ ಬೆಳೆಗಾರರಿಗೆ ಈ ಮಾತು ಹೊಸದಲ್ಲ: ಒಂದೇ ತಳಿಯ ಮೊಟ್ಟೆ ತಂದ ಎರಡು ಮನೆಗಳಲ್ಲಿ ಸೊಪ್ಪು, ಶಾಖ, ತೇವ ಬೇರೆಯಾದರೆ ಗೂಡಿನ ಇಳುವರಿಯೂ ಬೇರೆಯಾಗುತ್ತದೆ.

ಕಿಣ್ವಗಳ ವಂಶವಾಹಿ

ಮದ್ಯಸಾರ ದೇಹದಲ್ಲಿ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ನಂಜಾಗುತ್ತದೆ. ಎರಡನೆಯದರಲ್ಲಿ ನಿರುಪದ್ರವಿ ಅಸಿಟೇಟ್ ಆಗುತ್ತದೆ. ಎಡಿಎಚ್1ಬಿ ವಂಶವಾಹಿಯ ಒಂದು ರೂಪ ಮೊದಲ ಹಂತವನ್ನು ವೇಗಗೊಳಿಸುತ್ತದೆ. ಎಎಲ್‌ಡಿಎಚ್2 ವಂಶವಾಹಿಯ ಒಂದು ರೂಪ ಎರಡನೆಯದನ್ನು ತಡೆಯುತ್ತದೆ. ಎರಡರಲ್ಲೂ ನಂಜು ಸೇರಿಕೊಂಡು ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಓಕರಿಕೆ ಬಂದು ಕುಡಿಯುವುದೇ ಬೇಡವೆನಿಸುತ್ತದೆ. ಎರಡನೆಯ ರೂಪ ಜಪಾನ್, ಚೀನಾ, ಕೊರಿಯಾಗಳಲ್ಲಿ ಸಾಮಾನ್ಯ, ದಕ್ಷಿಣ ಭಾರತದಲ್ಲಿ ತೀರ ವಿರಳ. ಅಂದರೆ ಪೂರ್ವ ಏಷ್ಯಾದ ಎಷ್ಟೋ ಜನರಿಗೆ ಹುಟ್ಟಿನಿಂದಲೇ ದೊರೆತ ಈ ರಕ್ಷಣೆ ನಮ್ಮ ಜನಕ್ಕೆ ಹೆಚ್ಚುಕಡಿಮೆ ಇಲ್ಲ.

ಡೈಸಲ್ಫಿರಾಮ್ ಮಾತ್ರೆ ಎಎಲ್‌ಡಿಎಚ್2ರ ಈ ರೂಪದ ಪರಿಣಾಮವನ್ನೇ ಅನುಕರಿಸುತ್ತದೆ. ಕುಡಿತ ಬಿಡಿಸಲು ಇದು ಉಪಯುಕ್ತವೆಂಬುದನ್ನು 1948ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಪ್ರಕಟಿಸಿದರು. ಇದನ್ನು ರೋಗಿಗೆ ತಿಳಿಸದೆ ಊಟದಲ್ಲಿ ಬೆರೆಸಿ ಕೊಡುವುದು ಪ್ರಾಣಕ್ಕೇ ಅಪಾಯ. ವೈದ್ಯರ ನಿಗಾ ಮತ್ತು ರೋಗಿಯ ಒಪ್ಪಿಗೆ ಎರಡೂ ಇರಲೇಬೇಕು.

ನಿಮ್ಹಾನ್ಸ್‌ನ ಸಂಶೋಧನೆ

1984ರಲ್ಲಿ ಅಮೆರಿಕದ ಹೆನ್ರಿ ಬೆಗ್ಲೈಟರ್ ಮದ್ಯವ್ಯಸನಿಗಳ ಪುಟ್ಟ ಗಂಡುಮಕ್ಕಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ನಿರೀಕ್ಷಿಸದ ಸೂಚನೆಯೊಂದು ಎದುರಾದ ಸುಮಾರು 300 ಮಿಲಿಸೆಕೆಂಡಿನಲ್ಲಿ ಏಳುವ ‘ಪಿ300’ ಅಲೆ ಈ ಹುಡುಗರಲ್ಲಿ ಕುಗ್ಗಿತ್ತು, ಅದೂ ಅವರು ಮದ್ಯದ ರುಚಿ ನೋಡುವ ಮೊದಲೇ.

1995ರಲ್ಲಿ ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್, ಸಂಜೀವ್ ಜೈನ್, ಡಿ. ಕೆ. ಸುಬ್ಬುಕೃಷ್ಣ ಮತ್ತು ಎಸ್. ಎಂ. ಚನ್ನಬಸವಣ್ಣ ಮದ್ಯವ್ಯಸನಿಗಳ ಹತ್ತಿರದ ಗಂಡು ಸಂಬಂಧಿಕರಲ್ಲಿ ಇದೇ ಅಳತೆ ಮಾಡಿದರು. ಅಪಾಯ ಏರಿದಂತೆ ಅಲೆಯ ಎತ್ತರ ಇಳಿಯುತ್ತಿತ್ತು. 2007ರಲ್ಲಿ ಬೆನೆಗಲ್ ಮತ್ತು ಸಹೋದ್ಯೋಗಿಗಳು ಎಂಆರ್‌ಐ ಚಿತ್ರಗಳ ಮೂಲಕ, ಇನ್ನೂ ಕುಡಿಯದ ಆದರೆ ಹೆಚ್ಚು ಅಪಾಯದ ಮನೆತನಗಳ ಗಂಡುಮಕ್ಕಳ ಮಿದುಳಿನ ಕೆಲವು ಭಾಗಗಳಲ್ಲಿ ಬೂದುದ್ರವ್ಯ ಕಡಿಮೆಯಿರುವುದನ್ನು ತೋರಿಸಿದರು. ಚಂಚಲತೆ, ದುಡುಕು, ನಿಯಮ ಮೀರುವ ವರ್ತನೆಗಳೊಂದಿಗೆ ಅದಕ್ಕೆ ನಂಟಿತ್ತು. ಹಾಗಾಗಿ ಇಳಿದುಬರುವುದು ಕುಡಿತವಲ್ಲ, ತಡೆದುಕೊಳ್ಳುವ ಶಕ್ತಿ ನಿಧಾನವಾಗಿ ಬಲಿಯುವ ಮಿದುಳಿನ ಸ್ವಭಾವ ಎಂಬ ತಿಳಿವಳಿಕೆ ಗಟ್ಟಿಯಾಯಿತು. ಶಾಲೆಯಲ್ಲಿ ‘ತುಂಟ’ನೆಂದು ಏಟು ತಿನ್ನುವ ಹುಡುಗನಿಗೆ ನಿಜಕ್ಕೂ ಬೇಕಿರುವುದು ಆರೈಕೆ ಎಂಬುದನ್ನು ಈ ಕೆಲಸ ಸ್ಪಷ್ಟಪಡಿಸುತ್ತದೆ.

ಅನುಭವ ವಂಶವಾಹಿಯ ಮೇಲೂ ಗುರುತು ಬಿಡುತ್ತದೆ. ತೀವ್ರ ಮದ್ಯವ್ಯಸನವುಳ್ಳ ಗಂಡಸರ ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳ ಬದಲಾವಣೆ ಕಾಲಾಂತರದಲ್ಲೂ ಉಳಿದಿರುತ್ತದೆಂದು ನಿಮ್ಹಾನ್ಸ್ ತಂಡ 2021ರಲ್ಲಿ ವರದಿ ಮಾಡಿತು. ಕುಡಿತ, ಸಿಡುಕುತನ, ದುಡುಕುಗಳು ಬಾಲ್ಯದಲ್ಲಿ ಹೇಗೆ ಬೇರೂರುತ್ತವೆ ಎಂಬುದನ್ನು ಹಿಂಬಾಲಿಸಲು ಭಾರತ–ಬ್ರಿಟನ್ ಸಹಯೋಗದ ‘ಸಿ–ವೇದ’ ಅಧ್ಯಯನ ಬೆಂಗಳೂರು, ಮೈಸೂರು ಸೇರಿ ದೇಶದ ಏಳು ನೆಲೆಗಳಲ್ಲಿ 6ರಿಂದ 23 ವರ್ಷದ ಮಕ್ಕಳು ಮತ್ತು ಯುವಜನರನ್ನು ಸೇರಿಸಿಕೊಂಡಿದೆ.

ಜೀನೋಮ್ ಯುಗ

1990ರಲ್ಲಿ ಡೋಪಮೈನ್ ಗ್ರಾಹಕದ ಒಂದು ವಂಶವಾಹಿಯನ್ನು ‘ಕುಡಿತದ ವಂಶವಾಹಿ’ ಎಂದು ಕರೆದದ್ದುಂಟು. ಆ ಭರವಸೆ ನಿಲ್ಲಲಿಲ್ಲ. 2018ರಲ್ಲಿ 14,904 ಮದ್ಯಾವಲಂಬಿಗಳ ಜೀನೋಮ್ ಪರಿಶೀಲಿಸಿದಾಗ ಖಚಿತವಾಗಿ ಮೇಲೆದ್ದದ್ದು ಹಳೆಯ ಎಡಿಎಚ್1ಬಿ. 2023ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿದ ವಿಶ್ಲೇಷಣೆ ಜೀನೋಮಿನಲ್ಲಿ ನೂರಕ್ಕೂ ಹೆಚ್ಚು ತಾಣಗಳನ್ನು ಗುರುತಿಸಿತು; ಒಂದೊಂದರ ಪ್ರಭಾವವೂ ಅತ್ಯಲ್ಪ. ಆ ಜನರಲ್ಲಿ ಬಹುಪಾಲು ಯುರೋಪಿಯನ್ ಮೂಲದವರು, ದಕ್ಷಿಣ ಏಷ್ಯಾದವರು ತೀರ ಕಡಿಮೆ. ಹಾಗಾಗಿ ಆ ತಾಣಗಳ ಆಧಾರದಿಂದ ಚನ್ನಪಟ್ಟಣದ ಹುಡುಗನೊಬ್ಬನ ಅಪಾಯವನ್ನು ಅಳೆಯಲಾಗದು.

ಸೋದರಮಾವ, ಸೋದರತ್ತೆಯ ಮಕ್ಕಳಲ್ಲಿ ಸಂಬಂಧ ಬೆಳೆಸುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದವಾಗಿದ್ದವು. ಇಂಥ ಮದುವೆಗಳಿಂದ ಹೆಚ್ಚುವುದು ಮುಖ್ಯವಾಗಿ ತಂದೆ–ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದರಷ್ಟೇ ಕಾಣುವ ಏಕವಂಶವಾಹಿ ಕಾಯಿಲೆಗಳು. ಮದ್ಯಾವಲಂಬನೆ ಆ ಬಗೆಯದಲ್ಲ. ಯಾವ ಜಾತಿಗೂ, ಯಾವ ಕುಲಕ್ಕೂ ಕುಡಿತವನ್ನು ಅಂಟಿಸಲು ವಿಜ್ಞಾನದಲ್ಲಿ ಆಧಾರವಿಲ್ಲ.

ತಡೆ ಮತ್ತು ಚಿಕಿತ್ಸೆ

ಮನೆಯಲ್ಲಿ ಮದ್ಯಾವಲಂಬನೆಯ ಇತಿಹಾಸವಿದ್ದರೆ ಮೊದಲ ಗುಟುಕನ್ನು ಆದಷ್ಟು ಮುಂದೂಡುವುದು, ಸಾಧ್ಯವಾದರೆ ಮುಟ್ಟದೇ ಇರುವುದು ಉತ್ತಮ ರಕ್ಷಣೆ. ‘ಕುಡಿದರೂ ನನಗೆ ಏರುವುದಿಲ್ಲ’ ಎಂಬುದು ಹೆಮ್ಮೆಯ ಮಾತಲ್ಲ. ಮದ್ಯಕ್ಕೆ ಮಂದವಾಗಿ ಸ್ಪಂದಿಸುವ ಯುವಕರೇ ಮುಂದೆ ಹೆಚ್ಚಾಗಿ ವ್ಯಸನಿಗಳಾಗುತ್ತಾರೆಂದು ಮಾರ್ಕ್ ಶುಕಿಟ್ 1994ರಲ್ಲಿ ತೋರಿಸಿದರು. ದಿನವೂ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು. ಆದ್ದರಿಂದ ಬಿಡುವುದೂ ವೈದ್ಯರ ನೆರವಿನಲ್ಲೇ ಆಗಬೇಕು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಈ ಸೀಮೆಯವರಿಗೆ ಕೈಗೆಟಕುವ ದಾರಿಗಳು. ವಂಶವಾಹಿಯಲ್ಲಿ ಅಪಾಯ ಹೊತ್ತವರಿಗೂ ಚಿಕಿತ್ಸೆ ಫಲ ಕೊಡುತ್ತದೆ. ಹಾಗಾಗಿ ‘ರಕ್ತದಲ್ಲೇ ಬಂದಿದೆ’ ಎಂದು ಯಾರನ್ನೂ ಕೈಬಿಡಬೇಕಿಲ್ಲ. ಹಾಗೆ ಬಂದಿದ್ದರೆ ಉಳಿದವರಿಗಿಂತ ಮೊದಲೇ, ಹೆಚ್ಚು ಮುತುವರ್ಜಿಯಿಂದ ನೆರವು ಕೊಡಬೇಕು.