ದಿಗ್ವಿಜಯದಿಂದ ತ್ಯಾಗಕ್ಕೆ: ಜೈನ ಸಾಹಿತ್ಯದಲ್ಲಿ ನಾಯಕತ್ವ

ನಾಯಕತ್ವದ ಪ್ರಾಚೀನ ಕಲ್ಪನೆ ಗೆಲುವಿನದು: ದಿಗ್ವಿಜಯ ಮಾಡಿದವನೇ ಚಕ್ರವರ್ತಿ. ಈ ಕಲ್ಪನೆಯನ್ನು 9ನೆಯ ಶತಮಾನದಲ್ಲಿ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ 941ರಲ್ಲಿ ಪಂಪನ ಕನ್ನಡ ಆದಿಪುರಾಣವೂ ಪರೀಕ್ಷೆಗೊಡ್ಡಿದವು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತ ಭರತನು ತಮ್ಮನ ಮೇಲೆ ಚಕ್ರವನ್ನೇ ಪ್ರಯೋಗಿಸಿದನು. ಗೆದ್ದ ಬಾಹುಬಲಿ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆದನು.

ಆದರೆ ಎಲ್ಲರೂ ತ್ಯಜಿಸಿದರೆ ಪ್ರಜೆಗಳನ್ನು ಕಾಯುವವರಾರು? 10ನೆಯ ಶತಮಾನದ ಸೋಮದೇವಸೂರಿಗಳು ‘ನೀತಿವಾಕ್ಯಾಮೃತ’ದಲ್ಲಿ ಇದಕ್ಕೆ ಉತ್ತರವಿತ್ತರು. ಸ್ವತಃ ಮುನಿಗಳಾಗಿದ್ದರೂ ಅವರ ಮೊದಲ ಸೂತ್ರ ವಂದಿಸುವುದು ಧರ್ಮಾರ್ಥಕಾಮಗಳನ್ನು ಫಲವಾಗಿ ನೀಡುವ ರಾಜ್ಯಕ್ಕೆ. ಅಲ್ಲಿ ಅರಸನೊಬ್ಬನೇ ರಾಜ್ಯವಲ್ಲ. ಅಮಾತ್ಯ, ಜನಪದ, ದುರ್ಗ, ಕೋಶ, ಬಲ, ಮಿತ್ರರೂ ಅದರ ಅಂಗಗಳು.

981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಈ ಎರಡು ಧಾರೆಗಳೂ ಕೂಡಿದವು. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಅಧಿಕಾರದಲ್ಲಿದ್ದುಕೊಂಡೇ, ಅಧಿಕಾರವನ್ನು ತೊರೆದ ಬಾಹುಬಲಿಯನ್ನು ಬೆಟ್ಟದ ಮೇಲೆ ನಿಲ್ಲಿಸಿದನು.