ಲಿನಕ್ಸ್ ಗಣಕಯಂತ್ರದಲ್ಲಿ ಜಾಂಗೋ ಅಳವಡಿಸುವ ವಿಧಾನ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಜಾಂಗೋ ಎಂಬುದು ಪೈಥಾನ್ ಭಾಷೆಯಲ್ಲಿ ಜಾಲತಾಣಗಳನ್ನು ರೂಪಿಸಲು ನೆರವಾಗುವ ತಂತ್ರಾಂಶ ಚೌಕಟ್ಟು. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ದಿನಪತ್ರಿಕೆಯೊಂದರ ಕಚೇರಿಯಲ್ಲಿ ರೂಪುಗೊಂಡ ಇದು 2005ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಇದರ ಬಳಕೆಗೆ ಯಾವುದೇ ಶುಲ್ಕವಿರುವುದಿಲ್ಲ. ಸೊರಬದ ಗುಡಿಗಾರರು ತಮ್ಮ ಕೆತ್ತನೆಗಳ ಪಟ್ಟಿಯನ್ನು, ಶಿಕಾರಿಪುರದ ಹಾಲು ಉತ್ಪಾದಕರ ಸಂಘವು ಸದಸ್ಯರ ವಹಿಯನ್ನು ಕನ್ನಡದಲ್ಲಿಯೇ ನಿರ್ವಹಿಸಲು ಇದು ಧಾರಾಳವಾಗಿ ಸಾಕು.

ಜಾಂಗೋ 5.2 ಆವೃತ್ತಿಗೆ ಪೈಥಾನ್ 3.10 ಅಥವಾ ನಂತರದ ಆವೃತ್ತಿ ಅವಶ್ಯ. ಉಬುಂಟು 24.04ರಲ್ಲಿ ಪೈಥಾನ್ 3.12 ಮೊದಲೇ ಇರುತ್ತದೆ. ಸದರಿ ಜಾಂಗೋ ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ದೊರೆಯುವುದರಿಂದ ಹೊಸಬರು ಇದನ್ನೇ ಆರಿಸಿಕೊಳ್ಳುವುದು ಸೂಕ್ತ.

ಜಾಂಗೋವನ್ನು ನೇರವಾಗಿ ವ್ಯವಸ್ಥೆಯ ಪೈಥಾನ್‌ಗೆ ಸೇರಿಸತಕ್ಕದ್ದಲ್ಲ. ಲಿನಕ್ಸ್‌ನ ಹಲವು ಸಾಧನಗಳು ಅದೇ ಪೈಥಾನ್ ಅನ್ನು ಅವಲಂಬಿಸಿದ್ದು, ಅದು ಕೆಟ್ಟರೆ ಗಣಕಯಂತ್ರವೇ ಕೆಟ್ಟಂತೆ. ಇತ್ತೀಚಿನ ಉಬುಂಟು ಇಂತಹ ಪ್ರಯತ್ನವನ್ನು ತಾನಾಗಿಯೇ ತಡೆಯುತ್ತದೆ. ತಡೆಯನ್ನು ಮೀರುವ ಸಲಹೆಗಳನ್ನು ಪಾಲಿಸಬಾರದು. ಬದಲಿಗೆ ‘ವೆನ್ವ್’ ಎಂಬ ಪೊಟ್ಟಣವನ್ನು ‘ಆಪ್ಟ್’ ಮೂಲಕ ಅಳವಡಿಸಿ, ಪ್ರತ್ಯೇಕ ಕಡತಕೋಶದಲ್ಲಿ ಪೈಥಾನ್ ಪರಿಸರವೊಂದನ್ನು ಸೃಷ್ಟಿಸಿ, ಅದನ್ನು ಸಕ್ರಿಯಗೊಳಿಸಿದ ನಂತರವೇ ‘ಪಿಪ್’ ಆದೇಶದಿಂದ ಜಾಂಗೋ ಪಡೆಯತಕ್ಕದ್ದು.

ಅಂತರ್ಜಾಲ ಸಂಪರ್ಕ ದುರ್ಬಲವಾಗಿರುವ ಗ್ರಾಮಗಳವರು ಪಟ್ಟಣದ ಗಣಕಯಂತ್ರವೊಂದರಲ್ಲಿ ‘ಪಿಪ್ ಡೌನ್‌ಲೋಡ್’ ಆದೇಶ ನೀಡಿ, ದೊರೆತ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ಯಬಹುದು. ಜಾಂಗೋ ಅವಲಂಬಿಸಿರುವ ಇತರ ಪೊಟ್ಟಣಗಳೂ ಜೊತೆಯಲ್ಲೇ ಬರುತ್ತವೆ. ಎರಡೂ ಕಡೆ ಪೈಥಾನ್ ಆವೃತ್ತಿ ಒಂದೇ ಆಗಿದ್ದರೆ ತೊಡಕಿರುವುದಿಲ್ಲ.

ತರುವಾಯ ‘ಸ್ಟಾರ್ಟ್‌ಪ್ರಾಜೆಕ್ಟ್’ ಆದೇಶದಿಂದ ಯೋಜನೆ ಆರಂಭಿಸಿ, ‘ಮೈಗ್ರೇಟ್’ ಆದೇಶದಿಂದ ದತ್ತಸಂಚಯವನ್ನು ಸಿದ್ಧಪಡಿಸಿ, ‘ರನ್‌ಸರ್ವರ್’ ಆದೇಶ ನೀಡಿದಲ್ಲಿ ಅದೇ ಗಣಕಯಂತ್ರದ 8000ನೇ ಪೋರ್ಟ್‌ನಲ್ಲಿ ಸ್ವಾಗತ ಪುಟ ಕಾಣುವುದು. ‘ಸೆಟ್ಟಿಂಗ್ಸ್’ ಕಡತದಲ್ಲಿ ಭಾಷಾ ಸಂಕೇತವನ್ನು ಕನ್ನಡಕ್ಕೂ ಸಮಯವಲಯವನ್ನು ಏಷ್ಯಾ/ಕೋಲ್ಕತಾಕ್ಕೂ ಬದಲಿಸತಕ್ಕದ್ದು. ಎಲ್ಲ ಸೂಚನೆಗಳೂ ಕನ್ನಡಕ್ಕೆ ಅನುವಾದಗೊಂಡಿಲ್ಲವಾದ್ದರಿಂದ ಅಲ್ಲಲ್ಲಿ ಆಂಗ್ಲ ಪದಗಳು ಕಂಡುಬಂದಲ್ಲಿ ಅದು ದೋಷವಲ್ಲ.

‘ರನ್‌ಸರ್ವರ್’ ಕಲಿಕೆಗೆ ಮಾತ್ರ. ಸಾರ್ವಜನಿಕರಿಗೆ ತೆರೆಯುವ ಮುನ್ನ ‘ಡೀಬಗ್’ ಸ್ಥಿತಿಯನ್ನು ಕಡ್ಡಾಯವಾಗಿ ನಿಲ್ಲಿಸತಕ್ಕದ್ದು. ಇಲ್ಲವಾದಲ್ಲಿ ದೋಷ ಉಂಟಾದಾಗ ಒಳವಿವರಗಳು ನೋಡುಗರಿಗೆ ತೆರೆದುಕೊಳ್ಳುತ್ತವೆ. ಸದಸ್ಯರ ಆಧಾರ್ ಅಥವಾ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಅಭ್ಯಾಸಕ್ಕೆಂದೂ ನಮೂದಿಸಬಾರದು.

ಆರಂಭದಲ್ಲಿ ಎಲ್ಲ ದಾಖಲೆಗಳು ‘ಎಸ್‌ಕ್ಯೂಲೈಟ್’ನ ಒಂದೇ ಕಡತದಲ್ಲಿರುತ್ತವೆ. ಸರ್ವರ್ ನಿಲ್ಲಿಸಿ, ಆ ಕಡತದ ಪ್ರತಿಯನ್ನು ಪ್ರತಿದಿನ ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಗಣಕಯಂತ್ರವಿರುವ ಕಟ್ಟಡದಿಂದ ಬೇರೆಡೆ ಇರಿಸತಕ್ಕದ್ದು.