ಲೆಕ್ಕದ ಪುಸ್ತಕಕ್ಕೆ ಸೋತ ಪಾತಕಿ

1920ರ ಜನವರಿ 17ರಂದು ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂತು. ಸಂವಿಧಾನದ 18ನೇ ತಿದ್ದುಪಡಿಯಿಂದಾಗಿ ದೇಶದಾದ್ಯಂತ ಮದ್ಯದ ತಯಾರಿಕೆ, ಸಾಗಣೆ ಮತ್ತು ಮಾರಾಟ ಅಪರಾಧವಾದವು. ಕುಡಿತದಿಂದ ಸಂಸಾರಗಳು ಹಾಳಾಗುವುದನ್ನು ಕಂಡಿದ್ದ ಮಹಿಳೆಯರೂ ಚರ್ಚುಗಳೂ ದಶಕಗಳ ಕಾಲ ನಡೆಸಿದ ಚಳವಳಿಗೆ ಸಂದ ಜಯ ಅದು. ಅದೇ ದಿನ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಬೆಳೆದ ಅಲ್ ಕಪೋನ್ ಎಂಬ ಯುವಕನಿಗೆ 21 ವರ್ಷ ತುಂಬಿತು. ಒಳ್ಳೆಯ ಉದ್ದೇಶದ ಆ ಕಾಯಿದೆಯೇ ಆತನನ್ನು ಷಿಕಾಗೊ ನಗರದ ಭೂಗತ ದೊರೆಯನ್ನಾಗಿ ಮಾಡಿತು.

ಕಪೋನ್ ಇಟಲಿಯಿಂದ ವಲಸೆ ಬಂದ ಕ್ಷೌರಿಕನೊಬ್ಬನ ಮಗ. 14ರ ಹೊತ್ತಿಗೆ ಶಾಲೆ ಬಿಟ್ಟು ಬೀದಿ ಪಡೆಗಳ ಸಹವಾಸಕ್ಕೆ ಬಿದ್ದ. ಮದ್ಯದಂಗಡಿಯಲ್ಲಿ ಕೆಲಸಕ್ಕಿದ್ದಾಗ ನಡೆದ ಜಗಳದಲ್ಲಿ ಎಡಗೆನ್ನೆಗೆ ಚಾಕುವಿನ ಏಟು ಬಿತ್ತು. ಆ ಗಾಯದ ಗುರುತಿನಿಂದ ಬಂದ 'ಸ್ಕಾರ್‌ಫೇಸ್' ಎಂಬ ಅಡ್ಡಹೆಸರನ್ನು ಆತ ಕೊನೆಯವರೆಗೂ ದ್ವೇಷಿಸಿದ. ಹಳೆಯ ಪರಿಚಯದ ಜಾನಿ ಟೊರಿಯೊ ಆತನನ್ನು ಷಿಕಾಗೊಗೆ ಕರೆಸಿಕೊಂಡ.

ಹೊಸ ಕಾಯಿದೆಯಲ್ಲಿ ಒಂದು ವಿಚಿತ್ರವಿತ್ತು. ಮದ್ಯ ಮಾರುವುದು ಅಪರಾಧ, ಕುಡಿಯುವುದಲ್ಲ. ಹೀಗಾಗಿ ಗಿರಾಕಿಗಳು ಹಾಗೆಯೇ ಉಳಿದರು, ಕಾನೂನಿಗೆ ಹೆದರುವ ವ್ಯಾಪಾರಿಗಳು ಮಾತ್ರ ಕಣ್ಮರೆಯಾದರು. ಆ ಜಾಗವನ್ನು ಹೆದರದವರು ತುಂಬಿದರು. ಕಳ್ಳ ವ್ಯಾಪಾರದಲ್ಲಿ ಸಾಲ ಮುಳುಗಿದರೆ, ಸರಕು ದರೋಡೆಯಾದರೆ ಕೋರ್ಟಿಗೆ ಹೋಗುವಂತಿಲ್ಲ. ಅಲ್ಲಿ ವ್ಯಾಜ್ಯ ತೀರ್ಮಾನಿಸುವುದು ಬಂದೂಕೇ. ಬ್ರೂವರಿ, ಲಾರಿ, ಗುಪ್ತ ಪಾನಗೃಹಗಳ ಜೊತೆಗೆ ಪೊಲೀಸರಿಗೆ, ರಾಜಕಾರಣಿಗಳಿಗೆ ಕೊಡುವ ಮಾಮೂಲು ಕೂಡ ಆ ಉದ್ಯಮದ ಖರ್ಚಿನ ಬಾಬತ್ತಾಯಿತು.

1925ರಲ್ಲಿ ವಿರೋಧಿಗಳ ಗುಂಡಿನಿಂದ ಸ್ವಲ್ಪದರಲ್ಲಿ ಪಾರಾದ ಟೊರಿಯೊ ವ್ಯವಹಾರವನ್ನು ಕಪೋನ್‌ಗೆ ಒಪ್ಪಿಸಿ ಹಿಂದೆ ಸರಿದ. ಆಗ ಕಪೋನ್‌ಗೆ 26 ವರ್ಷ. ನಗರದ ಪಕ್ಕದ ಸಿಸೆರೊ ಪಟ್ಟಣದಲ್ಲಿ 1924ರ ಚುನಾವಣೆಯನ್ನೇ ಈ ಗುಂಪು ಬಂದೂಕಿನ ಬಲದಿಂದ ನಡೆಸಿತ್ತು. ಆ ದಿನ ಪೊಲೀಸರ ಗುಂಡಿಗೆ ಕಪೋನ್‌ನ ಅಣ್ಣ ಫ್ರಾಂಕ್ ಬಲಿಯಾಗಿದ್ದ. ಜನರಿಗೆ ಬೇಕಾದುದನ್ನು ಒದಗಿಸುವ ವ್ಯಾಪಾರಿ ತಾನು ಎಂದು ಕಪೋನ್ ಪತ್ರಕರ್ತರ ಮುಂದೆ ಹೇಳಿಕೊಳ್ಳುತ್ತಿದ್ದ. 1930ರ ಆರ್ಥಿಕ ಕುಸಿತದಲ್ಲಿ ನಿರುದ್ಯೋಗಿಗಳಿಗೆ ಉಚಿತ ಊಟದ ಕೇಂದ್ರವನ್ನೂ ತೆರೆದ. ಅಲ್ಲಿ ಉಂಡವರಿಗೆ ಆತ ದಾನಿಯಾಗಿಯೇ ಕಂಡಿರಬೇಕು.

ಆದರೆ ಈ ವ್ಯಾಪಾರದ ನಿಜವಾದ ಬೆಲೆ 1929ರ ಫೆಬ್ರುವರಿ 14ರಂದು ಬಯಲಾಯಿತು. ಉತ್ತರ ಕ್ಲಾರ್ಕ್ ಬೀದಿಯ ಗ್ಯಾರೇಜೊಂದರಲ್ಲಿ ಎದುರಾಳಿ ಮೊರಾನ್ ಗುಂಪಿಗೆ ಸಂಬಂಧಿಸಿದ ಏಳು ಮಂದಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೊಲ್ಲಲಾಯಿತು. ಕೊಲೆಗಾರರಲ್ಲಿ ಕೆಲವರು ಪೊಲೀಸ್ ಸಮವಸ್ತ್ರ ತೊಟ್ಟಿದ್ದರು. ಗುಂಡು ತಗುಲಿಯೂ ಕೆಲವು ಗಂಟೆ ಬದುಕಿದ್ದ ಒಬ್ಬಾತ ಹಂತಕರ ಹೆಸರು ಹೇಳದೆಯೇ ಸತ್ತ. ಬೆರಳುಗಳೆಲ್ಲ ಕಪೋನ್‌ನತ್ತ ತಿರುಗಿದವು. ಆತ ಅಂದು ದೂರದ ಫ್ಲೋರಿಡಾದಲ್ಲಿದ್ದ. ಈ ಹತ್ಯಾಕಾಂಡಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಸಾಕ್ಷಿಗಳು ಬಾಯಿ ಬಿಡದ ಊರಿನಲ್ಲಿ ಸಾಕ್ಷಿ ನುಡಿದದ್ದು ಕಾಗದ. ಅಕ್ರಮ ಸಂಪಾದನೆಗೂ ಆದಾಯ ತೆರಿಗೆ ಸಲ್ಲುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ತೀರ್ಪು ನೀಡಿತ್ತು. ಕಪೋನ್ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಟ್ಟವನಲ್ಲ, ತೆರಿಗೆ ಲೆಕ್ಕ ಸಲ್ಲಿಸಿದವನೂ ಅಲ್ಲ. ಆದರೆ ಜೂಜುಕಟ್ಟೆಯೊಂದರ ಮೇಲಿನ ದಾಳಿಯಲ್ಲಿ ವಶಪಡಿಸಿಕೊಂಡಿದ್ದ ಹಳೆಯ ಲೆಕ್ಕದ ಪುಸ್ತಕಗಳು ತೆರಿಗೆ ಅಧಿಕಾರಿ ಫ್ರಾಂಕ್ ವಿಲ್ಸನ್ ಕೈಗೆ ಸಿಕ್ಕವು. ಅವುಗಳನ್ನು ಬರೆದ ಗುಮಾಸ್ತ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ. ಜ್ಯೂರಿಯನ್ನು ಕೊಳ್ಳುವ ಯತ್ನ ನಡೆದಿದೆ ಎಂದು ತಿಳಿದ ನ್ಯಾಯಾಧೀಶ ವಿಲ್ಕರ್ಸನ್, ವಿಚಾರಣೆ ಆರಂಭವಾಗುವ ಹೊತ್ತಿಗೆ ಜ್ಯೂರಿ ಪಟ್ಟಿಯನ್ನೇ ಬದಲಾಯಿಸಿದರು. 1931ರ ಅಕ್ಟೋಬರ್‌ನಲ್ಲಿ ಕಪೋನ್‌ಗೆ 11 ವರ್ಷಗಳ ಸೆರೆವಾಸ ಮತ್ತು 50 ಸಾವಿರ ಡಾಲರ್ ದಂಡ ವಿಧಿಸಲಾಯಿತು. ಎಲಿಯಟ್ ನೆಸ್ ತಂಡ ಬ್ರೂವರಿಗಳ ಮೇಲೆ ದಾಳಿ ನಡೆಸಿ ಸಂಗ್ರಹಿಸಿದ ಪಾನನಿರೋಧ ಉಲ್ಲಂಘನೆಯ ಆರೋಪಗಳು ವಿಚಾರಣೆಗೆ ಬರಲೇ ಇಲ್ಲ.

ಆತ ಅಟ್ಲಾಂಟಾ ಜೈಲಿನಲ್ಲಿದ್ದಾಗಲೇ, 1933ರ ಡಿಸೆಂಬರ್ 5ರಂದು ಪಾನನಿರೋಧ ರದ್ದಾಯಿತು. ಮರುವರ್ಷ ಆತನನ್ನು ಅಲ್ಕಟ್ರಾಜ್ ದ್ವೀಪದ ಸೆರೆಮನೆಗೆ ಸಾಗಿಸಲಾಯಿತು. ಅಲ್ಲಿ ಹಳೆಯ ಸಿಫಿಲಿಸ್ ರೋಗ ಮೆದುಳನ್ನು ಆಕ್ರಮಿಸಿತು. 1939ರಲ್ಲಿ ಬಿಡುಗಡೆಯಾದ ಕಪೋನ್, ಬುದ್ಧಿ ಮಂಕಾದ ಸ್ಥಿತಿಯಲ್ಲೇ ದಿನ ಕಳೆದು, 1947ರ ಜನವರಿ 25ರಂದು 48ನೇ ವಯಸ್ಸಿನಲ್ಲಿ ಫ್ಲೋರಿಡಾದ ತನ್ನ ಮನೆಯಲ್ಲಿ ಸತ್ತ.

ಪಾತಕಿ ಹೋದ, ಪಡೆ ಹೋಗಲಿಲ್ಲ. ಜೂಜು, ಸುಲಿಗೆ, ಕಾರ್ಮಿಕ ಸಂಘಗಳ ನಿಯಂತ್ರಣ ಎಂದು ಬೇರೆ ದಾರಿ ಹಿಡಿದ ಆ ಗುಂಪು ಇನ್ನೂ ಹಲವು ದಶಕ ಷಿಕಾಗೊದಲ್ಲಿ ಬೇರು ಬಿಟ್ಟಿತು. ತೆರಿಗೆಯ ಬಾಕಿಗಾಗಿ ಒಬ್ಬನನ್ನು ಜೈಲಿಗೆ ಕಳುಹಿಸಿದ್ದು ಸರ್ಕಾರದ ಜಾಣತನ, ನಿಜ. ಆದರೆ ಗ್ಯಾರೇಜಿನಲ್ಲಿ ಸತ್ತ ಏಳು ಮಂದಿಯ ಲೆಕ್ಕ ಯಾವ ಪುಸ್ತಕದಲ್ಲೂ ಚುಕ್ತಾ ಆಗಲಿಲ್ಲ. ಅವನಿಂದ ಮದ್ಯ ಕೊಂಡ ನಾಗರಿಕರು, ಅವನ ಹಣ ಪಡೆದ ಅಧಿಕಾರಿಗಳು ಕಟಕಟೆ ಹತ್ತಲೇ ಇಲ್ಲ. ಭೂಗತ ಲೋಕ ಬೆಳೆಯುವುದು ನೆಲದ ಮೇಲಿನವರ ಆಸರೆಯಿಂದಲೇ ಎಂಬುದಕ್ಕೆ ಕಪೋನ್‌ನ ಬದುಕಿಗಿಂತ ಬೇರೆ ಪುರಾವೆ ಬೇಕಿಲ್ಲ.